ಕೆಚ್ಚಲೊಳಗಿನ ಕೋರಂ

ತಾಯಂದಿರೇ, ಕೋರಂ ಆಗದೆ ಸಂಘದ ಸಭೆ ನಡೆಯುವುದಿಲ್ಲ, ನಿಮಗೆ ಗೊತ್ತು. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ರೋಗಾಣುವಿನದೂ ಅದೇ ನಡತೆ. ತೊಟ್ಟಿನಿಂದ ಒಳಹೊಕ್ಕ ನಾಲ್ಕಾರು ರೋಗಾಣುಗಳು ಮೊದಲು ಗದ್ದಲ ಮಾಡುವುದಿಲ್ಲ. ಅಂಟಿಕೊಂಡು ಸಂಖ್ಯೆ ಬೆಳೆಸುತ್ತವೆ. ಪ್ರತಿಯೊಂದೂ ಒಂದು ಚಿಕ್ಕ ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಅದು ಸುತ್ತಲೂ ದಟ್ಟವಾದಾಗ, ಮಂದಿ ಕೂಡಿತೆಂದು ತಿಳಿದು ಎಲ್ಲವೂ ಒಟ್ಟಿಗೆ ವಿಷ ಕಾರುತ್ತವೆ. ಕೆಚ್ಚಲು ಬಿಸಿಯೇರುವುದು, ಹಾಲಿನಲ್ಲಿ ಗಡ್ಡೆ ಬರುವುದು ಆಮೇಲೆ.

ಶಿರಹಟ್ಟಿ ಕಡೆಯ ಒಬ್ಬ ಅಕ್ಕ, ಎರಡು ದಿನಕ್ಕೆ ಬಾವು ಇಳಿಯಿತೆಂದು ಔಷಧ ನಿಲ್ಲಿಸಿದರು. ಅಂಟಿನ ಪೊರೆಯಲ್ಲಿ ಅಡಗಿದ ರೋಗಾಣುಗಳಿಗೆ ಔಷಧ ಸರಿಯಾಗಿ ತಾಗುವುದಿಲ್ಲ; ಉಳಿದವು ಮತ್ತೆ ಕೋರಂ ಮಾಡಿಕೊಂಡವು. ಎಮ್ಮೆಯ ಒಂದು ತೊಟ್ಟು ಬತ್ತಿಯೇ ಹೋಯಿತು. ನಾನೂ ಅಂದು ಇದನ್ನು ಬಿಡಿಸಿ ಹೇಳಿರಲಿಲ್ಲ.

ಹಿಂಡಿದ ಮೇಲೆ ಅರ್ಧ ಗಂಟೆಯಾದರೂ ತೊಟ್ಟಿನ ಬಾಯಿ ತೆರೆದಿರುತ್ತದೆ. ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ಆಕಳು ಮಲಗದೆ ನಿಂತಿರುತ್ತದೆ. ಬಾವಿರುವುದನ್ನು ಕೊನೆಗೆ ಹಿಂಡಿ. ಆ ಹಾಲು ಸಂಘದ ಕ್ಯಾನಿಗೆ ಬೇಡ, ಔಷಧ ಮುಗಿದ ಮೇಲೂ ವೈದ್ಯರು ಹೇಳಿದಷ್ಟು ದಿನ.