ಓದಿದ ಪುಸ್ತಕದ ಲೆಕ್ಕ ಯಾವ ಭಾಷೆಯಲ್ಲಿ?

ಮಕ್ತಲ್, ನಾರಾಯಣಪೇಟೆ ಕಡೆ ಸಾಲಿಯಿಂದ ಚೀಟಿ ಬಂತೆಂದರೆ ಮನೆಯವರ ಮೊದಲ ಪ್ರಶ್ನೆ ಒಂದೇ: "ಎಷ್ಟು ರೊಕ್ಕ ಕಟ್ಟಬೇಕ್ರಿ?" ಹುಡುಗ ಕಥೆ ಪುಸ್ತಕ ತಂದರೂ ಇದೇ ಅಂಜಿಕೆ. ಹರಿದರೆ ದಂಡ ಹಾಕ್ತಾರೇನೋ ಎಂದು ಅದನ್ನು ಟ್ರಂಕಿನೊಳಗೆ ಇಟ್ಟು ಬೀಗ ಹಾಕುವ ಅವ್ವಂದಿರನ್ನು ನಾನು ಕಂಡಿದ್ದೇನೆ. ಪುಸ್ತಕ ಜೋಪಾನ, ಓದು ಮಾತ್ರ ಇಲ್ಲ!

ಸಂಗತಿ ಇಷ್ಟೇ. ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕವನ್ನೂ ಮಕ್ಕಳು ಓದಲಿ ಎಂದು ಸಾಲಿಯವರು ಅದನ್ನು ಮನೆಗೆ ಕೊಡುತ್ತಾರೆ. ಓದಿ ಬಂದವನು ಕಥೆ ಹೇಳಬೇಕು. ಹೇಳಿದರೆ ಗೋಡೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಚುಕ್ಕಿ. ಇಷ್ಟು ಚುಕ್ಕಿಗೆ ಒಂದು ಪೆನ್ನೋ, ಪ್ರಶಸ್ತಿ ಪತ್ರವೋ, ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಚಪ್ಪಾಳೆಯೋ ಸಿಗುತ್ತದೆ. ಇದು ಪರೀಕ್ಷೆಯಲ್ಲ. ಪುಸ್ತಕ ಸ್ವಲ್ಪ ಮಾಸಿದರೆ ಮಾಸಲಿ, ಓದಿದ ಪುಸ್ತಕ ಮಾಸದೆ ಇರುತ್ತದೆಯೇ?

ಸರ್ಕಾರಗಳೂ ಇದನ್ನು ಕೈಗೆತ್ತಿಕೊಂಡಿದ್ದುಂಟು. ಕೇಂದ್ರ ಸರ್ಕಾರ 2022ರ ಜನವರಿ 1ರಂದು ನೂರು ದಿನಗಳ ಓದಿನ ಅಭಿಯಾನ ಶುರು ಮಾಡಿತು. ತೆಲಂಗಾಣದಲ್ಲಿ ಅದೇ ವರ್ಷ ಫೆಬ್ರವರಿ 5ರಿಂದ 'ರೀಡ್' ಹೆಸರಿನಲ್ಲಿ ಒಂದರಿಂದ ಒಂಬತ್ತನೆಯ ತರಗತಿವರೆಗೆ ಅದು ನಡೆಯಿತು. ದಿನಕ್ಕೊಂದು ಪೀರಿಯಡ್ ಓದಿಗೇ ಮೀಸಲು. ಆಗಸ್ಟ್ 15ಕ್ಕೆ ಐದನೆಯ ತರಗತಿವರೆಗಿನ ಮಕ್ಕಳಿಗೆ 'ತೊಲಿಮೆಟ್ಟು' ಬಂತು. ಅಂದರೆ ಮೊದಲ ಮೆಟ್ಟಿಲು. ನಮ್ಮ ಓದುಗರಿಗೆ ತೆಲುಗನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ 'ಅಸರ್' ಸಮೀಕ್ಷೆಯಲ್ಲಿ ತೆಲಂಗಾಣದ ಹಳ್ಳಿಗಳ ಮೂರನೆಯ ತರಗತಿ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. 2018ರಲ್ಲಿ ಈ ಸಂಖ್ಯೆ ಹದಿನೆಂಟರಷ್ಟಿತ್ತು. ನಡುವೆ ಕೊರೋನಾದಿಂದ ಸಾಲಿಗಳು ಮುಚ್ಚಿದ್ದನ್ನು ಯಾರೂ ಮರೆತಿಲ್ಲ.

ಇನಾಮು ಕೊಟ್ಟು ಓದಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ 1984ರಿಂದಲೇ ಪಿಜ್ಜಾ ಹಟ್ ಕಂಪನಿ, ಓದಿನ ಗುರಿ ಮುಟ್ಟಿದ ಮಕ್ಕಳಿಗೆ ಪಿಜ್ಜಾ ಕೊಡುತ್ತ ಬಂದಿದೆ. ಆದರೆ 1973ರಲ್ಲಿ ಅಲ್ಲಿಯೇ ಪ್ರಕಟವಾದ ಒಂದು ಅಧ್ಯಯನ ಬೇರೆ ಮಾತು ಹೇಳಿತ್ತು. ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಸಣ್ಣ ಮಕ್ಕಳಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಬಹುಮಾನವಿಲ್ಲದ ದಿನ ಅವರು ಚಿತ್ರಕ್ಕೆ ಕೂರುವ ಹೊತ್ತು ಇಳಿಯಿತು. ಹೇಳದೆ ಕೊಟ್ಟವರಲ್ಲಿ ಇಳಿಯಲಿಲ್ಲ. ಹಾಗಾಗಿ "ಹತ್ತು ಪುಸ್ತಕ ಓದು, ಸೈಕಲ್ ಕೊಡಿಸ್ತೀನಿ" ಎಂಬ ಮಾತು ಮನೆಯಲ್ಲಿ ಆಡದಿರುವುದೇ ಲೇಸು. ಸಾಲಿಯ ಚುಕ್ಕಿ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ಡಲ್ಲಾಸ್ ನಗರದ ಪ್ರಯೋಗ. ಅಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಸ್ಪ್ಯಾನಿಷ್, ಹೊರಗೆ ಇಂಗ್ಲಿಷ್. ನಮ್ಮ ಗಡಿಯ ಹಾಗೆಯೇ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2007-08ರಲ್ಲಿ ಎರಡನೆಯ ತರಗತಿ ಮಕ್ಕಳಿಗೆ ಓದಿದ ಪುಸ್ತಕಕ್ಕೆ ಎರಡು ಡಾಲರಿನಂತೆ ಕೊಡಿಸಿದರು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದವರ ಓದು ಏರಿತು. ಸ್ಪ್ಯಾನಿಷಿನಲ್ಲಿ ಬರೆದವರದ್ದು ಇಳಿಯಿತು. ಇನಾಮು ಎತ್ತ ಎಳೆಯುತ್ತದೋ ಮಕ್ಕಳು ಅತ್ತ ವಾಲುತ್ತಾರೆ, ಮನೆಯ ಭಾಷೆ ಹಿಂದೆ ಬೀಳುತ್ತದೆ ಎಂದೇ ನನಗನ್ನಿಸುತ್ತದೆ. ವ್ಯಾಪಾರಸ್ಥರಿಗೆ ಇದು ಹೊಸದೇನಲ್ಲ. ಕಮಿಷನ್ ಯಾವ ಮಾಲಿಗೆ ಹೆಚ್ಚೋ ಆ ಮಾಲೇ ಅಂಗಡಿಯ ಮುಂದೆ ಬರುತ್ತದೆ.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಗೆರೆ ಸರಿದರೂ ಮನೆಯ ಮಾತು ಸರಿದಿಲ್ಲ. ಕೃಷ್ಣಾ ಮಂಡಲದ ಕೆಲವು ಊರುಗಳ ಮಕ್ಕಳು ಕನ್ನಡ ಮಾಧ್ಯಮದಲ್ಲೇ ಕಲಿಯುತ್ತಾರೆ. ಉಳಿದ ಕಡೆ ಕನ್ನಡದ ಮನೆಯ ಹುಡುಗ ತೆಲುಗು ಇಲ್ಲವೆ ಇಂಗ್ಲಿಷ್ ಓದಿ ಬರುತ್ತಾನೆ. ಅವನು ಮನೆಯಲ್ಲಿ ಕನ್ನಡದ ಕಥೆ ಓದಿದರೆ ಅದಕ್ಕೂ ಚುಕ್ಕಿ ಉಂಟೇ? ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ತೆಲುಗು ಬೇಡವೆಂದು ಯಾರೂ ಹೇಳುತ್ತಿಲ್ಲ. ವ್ಯವಹಾರಕ್ಕೆ ಎರಡೂ ಬೇಕು. 2022ರ ಕೇಂದ್ರದ ಅಭಿಯಾನದಲ್ಲೇ ಫೆಬ್ರವರಿ 21ರ ಮಾತೃಭಾಷಾ ದಿನಕ್ಕೆ ಸ್ವಂತ ಭಾಷೆಯಲ್ಲಿ ಕಥೆ ಓದುವ ಕಾರ್ಯಕ್ರಮವಿತ್ತು. ಕೇಳಲು ಸಂಕೋಚ ಬೇಡ.

"ನಮಗೇ ಓದಾಕ ಬರಂಗಿಲ್ಲ, ಹುಡುಗಗ ಏನ್ ಹೇಳಿಕೊಡೂದ್ರಿ?" ಎನ್ನುವವರಿಗೂ ಕೆಲಸವಿದೆ. ರಾತ್ರಿ ಊಟವಾದ ಮೇಲೆ ಕಾಲು ತಾಸು ಕೂತು ಕೇಳಿ. ಬಾಯಿಪಾಠ ಒಪ್ಪಿಸುತ್ತಾನೆಂದು ಅನುಮಾನ ಬಂದರೆ ನಡುವಿನ ಒಂದು ಹಾಳೆ ತೆಗೆದು, ಬೆರಳಿಟ್ಟು, "ಇಲ್ಲಿಂದ ಓದು" ಎನ್ನಿ. ಆಮೇಲೆ ಪುಸ್ತಕ ಮುಚ್ಚಿ "ಮುಂದೇನಾತು?" ಎಂದು ಕೇಳಿ. ತಡವರಿಸಿದರೆ ಬೈಯಬೇಡಿ. ತೆಲುಗಿನಲ್ಲಿ ಓದಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿಸಿದರೆ ಎರಡು ಭಾಷೆಯೂ ಒಂದೇ ಏಟಿಗೆ ಪಳಗುತ್ತವೆ.

ಕನ್ನಡ ಪುಸ್ತಕ ಎಲ್ಲಿ ಸಿಗ್ತಾವ ಎಂಬ ಪ್ರಶ್ನೆಗೆ, ಮಾಲು ತರಲು ರಾಯಚೂರಿಗೆ ಹೋಗುವವರು ಬರುವಾಗ ಒಂದೆರಡು ತೆಳ್ಳನೆಯ ಕಥೆ ಪುಸ್ತಕ ತರಬಹುದು. ಫೋನಿದ್ದವರಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಇದೆ. ಎಷ್ಟೋ ಕಥೆಗಳು ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತವೆ, ಅದೂ ಪುಕ್ಕಟೆ.