ತೊಗರಿಯನ್ನು ಮನೆಯಲ್ಲಿ ಎಷ್ಟು ಕಾಲ ಇಡಬಹುದು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದಲ್ಲಿ ಡಿಸೆಂಬರ್–ಜನವರಿ ತಿಂಗಳಲ್ಲಿ ತೊಗರಿ ರಾಶಿಯಾಗುತ್ತದೆ. ಎಲ್ಲರ ಮಾಲೂ ಒಮ್ಮೆಲೇ ಪೇಟೆಗೆ ಬಂದು ಧಾರಣೆ ಇಳಿದಾಗ, ರೈತರು ಕಾಳನ್ನು ಮನೆಯಲ್ಲಿಯೇ ಇಟ್ಟು ಕಾಯುತ್ತಾರೆ. ಅಕ್ಕಿ ಹಳೆಯದಾದರೆ ಅನ್ನ ಉದುರುದುರಾಗುತ್ತದೆ. ತೊಗರಿಗೆ ಈ ಮಾತು ಸಲ್ಲದು. ಹಳೆಯ ಬೇಳೆ ಬೇಗ ಬೇಯುವುದಿಲ್ಲ, ಕಾಳಿಗೆ ನುಸಿ ಹಿಡಿಯುತ್ತದೆ.

ಹುಳು ಬರುವ ಬಗೆ

ಕಾಳು ಕೊರೆಯುವ ದುಂಬಿಯು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಕಾಳಿನೊಳಗೆ ಸೇರಿ ಮನೆಗೆ ಬರುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಬೆಳೆಯುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ದುಂಡು ತೂತು ಕಂಡರೆ ದುಂಬಿ ಆಗಲೇ ಹೊರಬಿದ್ದಿದೆ ಎಂದು ತಿಳಿಯಬೇಕು.

ಸಂಗ್ರಹಿಸುವ ಕ್ರಮ

1. ತೇವಾಂಶ ಶೇ. 9–10ಕ್ಕೆ ಇಳಿಯುವವರೆಗೆ ಕಾಳನ್ನು ಬಿಸಿಲಿನಲ್ಲಿ ಒಣಗಿಸಬೇಕು. ಹಲ್ಲಿನಿಂದ ಕಚ್ಚಿದರೆ ಕಟ್ಟನೆ ಒಡೆಯಬೇಕು.

2. ಕಾಳು ಆರಿದ ನಂತರವೇ ಚೀಲಕ್ಕೆ ತುಂಬಬೇಕು. ಬಿಸಿ ಕಾಳು ಚೀಲದೊಳಗೆ ಬೆವರುತ್ತದೆ.

3. ಶಹಾಬಾದ್ ಕಲ್ಲು ಹಾಸಿದ ನೆಲ ಮಳೆಗಾಲದಲ್ಲಿ ತಂಪಾಗಿ ಪಸೆಯಾಡುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರವಾಗಿ ಒಟ್ಟಬೇಕು.

4. ಹಳೆಯ ಚೀಲಗಳನ್ನು ಝಾಡಿಸಿ, ಬಿಸಿಲಿಗೆ ಹಾಕಿ ಬಳಸಬೇಕು. ಹೊಸ ಕಾಳನ್ನು ಹಳೆಯದರೊಡನೆ ಬೆರೆಸಬಾರದು.

ಎಷ್ಟು ಕಾಲ?

ಮಾರಾಟದ ಕಾಳು: ಸಾದಾ ಗೋಣಿಚೀಲದಲ್ಲಿ ಮುಂಗಾರು ಆರಂಭವಾಗುವವರೆಗೆ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಬೇಕು. ಮುಂದಕ್ಕೆ ಇಡುವುದಾದರೆ ಗಾಳಿಯಾಡದ ಪದರವಿರುವ ಚೀಲವೇ ಬೇಕು. ಅದನ್ನು ಪದೇ ಪದೇ ಬಿಚ್ಚಬಾರದು.

ಊಟದ ತೊಗರಿ: ಬೇಸಿಗೆಯಲ್ಲಿಯೇ ಬೇಳೆ ಮಾಡಿಕೊಳ್ಳುವುದು ಉತ್ತಮ. ದುಂಬಿಯು ಇಡೀ ಕಾಳಿನ ನುಣುಪು ಸಿಪ್ಪೆಯ ಮೇಲೆ ಮೊಟ್ಟೆ ಇಡಲು ಬಯಸುವುದರಿಂದ ಬೇಳೆಗೆ ಅದರ ಕಾಟ ಕಡಿಮೆ. ಚೆನ್ನಾಗಿ ಒಣಗಿಸಿ ಮುಚ್ಚಿಟ್ಟ ಬೇಳೆ ಮುಂದಿನ ರಾಶಿಯವರೆಗೆ ಸಾಕಾಗುತ್ತದೆ. ಇಡೀ ಕಾಳೇ ಬೇಕಿದ್ದರೆ ಕಿಲೋಗೆ 5 ಮಿ.ಲೀ. ಅಡುಗೆ ಎಣ್ಣೆ ಸವರಬಹುದು.

ಬೀಜದ ತೊಗರಿ: ಬರುವ ಜೂನ್–ಜುಲೈ ಬಿತ್ತನೆಯವರೆಗೆ ಮಾತ್ರ. ಬಿತ್ತುವ ಮುನ್ನ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆಗೆ ಇಡಬೇಕು. 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತರುವುದು ಲೇಸು.

ಎಚ್ಚರಿಕೆ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ವಾಸದ ಮನೆಯಲ್ಲಿ ಎಂದಿಗೂ ಇಡಬಾರದು. ಅದರ ವಿಷಾನಿಲ ಮನುಷ್ಯರ, ದನಕರುಗಳ ಪ್ರಾಣ ತೆಗೆಯುತ್ತದೆ. ಧಾರಣೆ ಏರಬಹುದೆಂದು ಕಾಯುವ ರೈತರು ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕಾಳು ತೆಗೆದು ನೋಡಲಿ. ತೂತು ಕಾಣಿಸಿಕೊಂಡರೆ ಕಾಯುವುದರಿಂದ ಲಾಭವಿಲ್ಲ. ತೂಕವೂ ಬೆಲೆಯೂ ಎರಡೂ ಕಡಿಮೆಯಾಗುತ್ತವೆ.