ಕೋಪವು ನೀರಿನ ಗೆರೆಯಂತಿರಲಿ

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಸೀಮೆಯ ಅನೇಕ ಮನೆಗಳಿಗೆ ಹೊಗೆಸೊಪ್ಪಿನ ಹರಾಜಿನ ಕಾಲವೆಂದರೆ ಆತಂಕದ ಕಾಲ. ದರ ಕುಸಿದರೆ ಸಾಲದ ಚಿಂತೆ; ಆ ಚಿಂತೆಯೇ ಮನೆಯೊಳಗೆ ಬಂದು ಮಡದಿ ಮಕ್ಕಳ ಮೇಲೆ ಸಿಡುಕಾಗುತ್ತದೆ. ದರ ನಮ್ಮ ಅಧೀನವಲ್ಲ. ಆದರೆ ಸಿಡುಕು ಎಷ್ಟು ಹೊತ್ತು ಉಳಿಯಬೇಕೆಂಬುದು ನಮ್ಮ ಅಧೀನ.

ಕ್ರೋಧ, ಮಾನ, ಮಾಯೆ, ಲೋಭಗಳನ್ನು ಜೈನ ಧರ್ಮವು ಕಷಾಯಗಳೆನ್ನುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ವು ಕ್ರೋಧದ ತೀವ್ರತೆಯನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತದೆ: ಕಲ್ಲು, ನೆಲ, ಧೂಳು ಮತ್ತು ನೀರಿನ ಮೇಲಿನ ಗೆರೆ. ನೀರಿನ ಗೆರೆ ಎಳೆದೊಡನೆ ಅಳಿಯುತ್ತದೆ. ಕಲ್ಲಿನ ಗೆರೆ ಸುಲಭವಾಗಿ ಮಾಸದು.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತಿರುವ ಬಾಹುಬಲಿಯ ಕಥೆಯೂ ಕುಟುಂಬದ ಕಥೆಯೇ. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಅಣ್ಣ ಭರತನನ್ನು ಗೆದ್ದರೂ ಆತ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತನು. ಜಿನಸೇನಾಚಾರ್ಯರ ‘ಆದಿಪುರಾಣ’ದ ಪ್ರಕಾರ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು ಆತನಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಆ ಕೊರಗು ಕರಗಿ ಕೇವಲಜ್ಞಾನವಾಯಿತು.

ರಾಜ್ಯವನ್ನೇ ಬಿಟ್ಟವನಿಗೂ ಮನೆಯವರ ನೋವು ಭಾರವಾಯಿತೆಂದರೆ, ನಮ್ಮ ಪಾಡೇನು? ಆದ್ದರಿಂದಲೇ ಶ್ರಾವಕರಿಗೆ ಸಾಮಾಯಿಕ ಮತ್ತು ಪ್ರತಿಕ್ರಮಣಗಳನ್ನು ಹೇಳಲಾಗಿದೆ. 48 ನಿಮಿಷಗಳ ಸಾಮಾಯಿಕವು ಮನಸ್ಸನ್ನು ಸಮಭಾವಕ್ಕೆ ತರುತ್ತದೆ. ಪ್ರತಿಕ್ರಮಣವು ದಿನದ ತಪ್ಪುಗಳನ್ನು ನೆನೆದು ಕ್ಷಮೆ ಬೇಡಿಸುತ್ತದೆ. ಮಲಗುವ ಮುನ್ನ ನೊಂದವರ ಬಳಿಗೆ ನಾವೇ ಹೋಗಿ ಒಂದು ಮಾತನಾಡೋಣ. ಹಿರಿಯರೇ ಮೊದಲು ಹೋದರೆ ಇನ್ನೂ ಒಳಿತು. ಭರತನೂ ಹಿರಿಯನೇ ಆಗಿದ್ದನು.